ಕಂಚನ್‌ಬಾಗಿನ ಉಕ್ಕು ಮತ್ತು ಹಿಮಸಮುದ್ರದ ಟ್ಯಾಂಕರು

ಹೈದರಾಬಾದಿನ ಚಾಂದ್ರಾಯಣಗುಟ್ಟದಿಂದ ಸಂತೋಷ್ ನಗರದ ಕಡೆ ಹೋಗುವಾಗ ಕಂಚನ್‌ಬಾಗ್ ಸಿಗುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಹಳೇ ಶಹರದ ನೆಂಟರ ಮನೆಗೆ ಹೋಗುವ ನಮ್ಮವರು ಅಲ್ಲಿನ ಉದ್ದದ ಕಾಂಪೌಂಡ್ ಗೋಡೆ ನೋಡಿರುತ್ತಾರೆ. ಒಳಗೇನಿದೆ ಅಂತ ಕೇಳಿದರೆ 'ಮಿಲಿಟರಿದು ಏನೋ' ಅನ್ನುವವರೇ ಹೆಚ್ಚು. ಅಲ್ಲಿರುವುದು 1963ರಲ್ಲಿ ಸ್ಥಾಪನೆಯಾದ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ, ಅಂದರೆ ಡಿಎಂಆರ್‌ಎಲ್. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಈ ಊರಿನಲ್ಲೇ ಸೊನ್ನೆಗಿಂತ 60 ಡಿಗ್ರಿ ಕೆಳಗಿನ ಚಳಿಯಲ್ಲೂ ಸುಲಭಕ್ಕೆ ಬಿರಿಯದ ಹಡಗಿನ ಉಕ್ಕನ್ನು ರೂಪಿಸಿದರು. ಬಿಸಿನೀರಿನ ಕಡಲಲ್ಲಿ ಓಡಾಡುವ ನಮ್ಮ ನೌಕಾಪಡೆಗೆ ಇದೆಲ್ಲಾ ಯಾಕೆ ಬೇಕಿತ್ತು?

ಇದಕ್ಕೆ ಉತ್ತರ ಹುಡುಕಲು ಒಂದು ಟ್ಯಾಂಕರಿನ ಕತೆಗೆ ಹೋಗಬೇಕು. 1943ರ ಜನವರಿ 16ರ ರಾತ್ರಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 'ಸ್ಕೆನೆಕ್ಟಡಿ' ಎಂಬ ಹೊಚ್ಚ ಹೊಸ ತೈಲ ಹಡಗು ದಡದಲ್ಲಿ ನಿಂತಲ್ಲೇ ದೊಡ್ಡ ಸದ್ದಿನೊಂದಿಗೆ ಎರಡಾಗಿ ಬಿರಿಯಿತು. ಬಿರುಗಾಳಿಯಿಲ್ಲ, ಶತ್ರುವಿನ ಬಾಂಬಿಲ್ಲ. ಹೊರಗೆ ಚಳಿ ಇತ್ತು, ಅಷ್ಟೇ. ಮೊದಲು ಬೆಸುಗೆ ಹಾಕಿದ ಕೆಲಸಗಾರರ ಮೇಲೆ ದೂರು ಬಂತು (ಬಡವರ ಮೇಲೆ ಬೊಟ್ಟು ತೋರಿಸೋದು ಎಲ್ಲ ಕಡೆಯೂ ಸುಲಭ). ಇಂಥ ಹಡಗುಗಳ ಉಕ್ಕನ್ನು ಪರೀಕ್ಷಿಸಿದ ಕೇಂಬ್ರಿಡ್ಜ್‌ನ ವಿಜ್ಞಾನಿ ಕಾನ್‌ಸ್ಟೆನ್ಸ್ ಟಿಪ್ಪರ್ ಅಸಲು ಕಾರಣ ತೋರಿಸಿಕೊಟ್ಟರು. ಒಂದು ಮಟ್ಟಕ್ಕಿಂತ ಚಳಿ ಹೆಚ್ಚಾದರೆ ಸಾಧಾರಣ ಉಕ್ಕು ಬಾಗುವ ಗುಣವನ್ನೇ ಬಿಟ್ಟು ಗಾಜಿನ ಹಾಗೆ ಆಗಿಬಿಡುತ್ತದೆ. ಎಲ್ಲೋ ಒಂದು ಸಣ್ಣ ಸೀಳು ಇದ್ದರೆ ಸಾಕು, ಬೆಸೆದ ಹಡಗಿನಲ್ಲಿ ಅದು ತಡೆಯಿಲ್ಲದೆ ಓಡುತ್ತದೆ.

ಸಮುದ್ರದ ನಡುವೆಯೇ ಯುದ್ಧನೌಕೆಗಳಿಗೆ ಎಣ್ಣೆ, ನೀರು, ದಿನಸಿ ತಲುಪಿಸುವ ಟ್ಯಾಂಕರುಗಳನ್ನು ಉತ್ತರ ಧ್ರುವದ ಕಡೆ ಕಳಿಸುವ ದೇಶಗಳಿಗೆ ಈ ಪಾಠ ತಪ್ಪಿದ್ದಲ್ಲ. ರಷ್ಯಾದ 'ಅಕಾಡೆಮಿಕ್ ಪಾಶಿನ್' ಅಂಥದ್ದು. 2020ರ ಜನವರಿಯಲ್ಲಿ ಆ ದೇಶದ ಉತ್ತರ ನೌಕಾಪಡೆಗೆ ಸೇರಿದ ಈ ಟ್ಯಾಂಕರನ್ನು ಹಿಮದ ನಡುವೆ ಸಾಗಲೆಂದೇ ಗಟ್ಟಿಮಾಡಿದ್ದಾರೆ.

ಇನ್ನು ನಮ್ಮ ಕಡೆಗೆ ಬರೋಣ. ದೇಶೀ ವಿಮಾನವಾಹಕ ನೌಕೆ 'ವಿಕ್ರಾಂತ್' ಕಟ್ಟಲು ಹೊರಟಾಗ ರಷ್ಯಾದಿಂದ ಬರಬೇಕಿದ್ದ ಉಕ್ಕು ಸರಿಯಾಗಿ ಬರಲಿಲ್ಲ. ಆಗ ಡಿಎಂಆರ್‌ಎಲ್, ನೌಕಾಪಡೆ ಮತ್ತು ಉಕ್ಕು ಪ್ರಾಧಿಕಾರ ಸೇಲ್ ಕೂಡಿ 'ಡಿಎಂಆರ್ 249ಎ' ತಯಾರಿಸಿದವು. ಇದರಲ್ಲಿ ಇಂಗಾಲ ಬಹಳ ಕಡಿಮೆ. ನಿಕ್ಕಲ್, ನಯೋಬಿಯಂ, ವೆನೇಡಿಯಂ ಸ್ವಲ್ಪ ಸ್ವಲ್ಪ. ಇದನ್ನು ಮೈನಸ್ 60 ಡಿಗ್ರಿಯಲ್ಲಿಟ್ಟು ಸುತ್ತಿಗೆಯ ಏಟು ಕೊಟ್ಟು ಪರೀಕ್ಷಿಸುತ್ತಾರೆ. ಕಾರಣ ಬರೀ ಹಿಮವಲ್ಲ. ಟಾರ್ಪಿಡೊ ಅಥವಾ ಮೈನ್ ಸಿಡಿದಾಗ ಹೊಡೆತ ಎಷ್ಟು ವೇಗವಾಗಿ ಬೀಳುತ್ತದೆಂದರೆ ಉಕ್ಕಿಗೆ ಬಾಗಲು ಸಮಯವೇ ಸಿಗುವುದಿಲ್ಲ, ಬೆಚ್ಚಗಿನ ನೀರಿನಲ್ಲೂ ಅದು ಚಳಿಯಲ್ಲಿದ್ದಂತೆ ಬಿರಿಯುತ್ತದೆ. ಹಾಗಾಗಿ ಧ್ರುವದ ಚಳಿ ತಾಳುವ ಉಕ್ಕು ಅರಬ್ಬಿ ಸಮುದ್ರದ ಯುದ್ಧಕ್ಕೂ ಬೇಕು.

ಈ ಸೀಮೆಗೆ ಉಕ್ಕು ಹೊಸದಲ್ಲ. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂನ ಕುಲುಮೆಗಳಿಂದ ಪರ್ಷಿಯಾದ ಕತ್ತಿಗಳಿಗೆ ಉಕ್ಕು ಹೋಗುತ್ತಿತ್ತು. 1820ರ ಆಸುಪಾಸಿನಲ್ಲಿ ಅಲ್ಲಿಗೆ ಹೋದ ಭೂಗರ್ಭ ತಜ್ಞ ವಾಯ್ಸಿ, ಇಸ್ಫಹಾನಿನಿಂದ ಬಂದ ಹಾಜಿ ಹುಸೇನ್ ಎಂಬ ವ್ಯಾಪಾರಿಯನ್ನು ಕಂಡದ್ದನ್ನು ಬರೆದಿದ್ದಾರೆ. ಕನ್ನಡ, ತೆಲುಗು ಎರಡರಲ್ಲೂ ಇರುವ 'ಉಕ್ಕು' ಶಬ್ದವೇ ಇಂಗ್ಲಿಷರ ಬಾಯಲ್ಲಿ 'ವೂಟ್ಜ್' ಆಯಿತು ಅನ್ನುವ ವಿದ್ವಾಂಸರಿದ್ದಾರೆ. ಆದರೆ ಆ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಹರಿತಕ್ಕೆ ಅದಕ್ಕೆ ಸಾಟಿ ಇರಲಿಲ್ಲ, ಹಡಗಿಗೆ ಮಾತ್ರ ಆಗಿಬರುವಂಥದ್ದಲ್ಲ. ಹಳೆಯ ವೈಭವವನ್ನೇ ಹೊಗಳುತ್ತಾ ಕೂರುವ ನಮ್ಮವರು ಇದನ್ನು ಗಮನಿಸಬೇಕು: ಕಂಚನ್‌ಬಾಗಿನವರು ಮಾಡಿದ್ದು ಕೋನಸಮುದ್ರದ ನಕಲಲ್ಲ, ಬಹುಮಟ್ಟಿಗೆ ಅದರ ಉಲ್ಟಾ.

ಮನೆಯಲ್ಲೇ ಇಂಥ ಉಕ್ಕು ಇದ್ದರೂ 2008ರಲ್ಲಿ ಟ್ಯಾಂಕರ್ ಕಟ್ಟುವ ಗುತ್ತಿಗೆ ಇಟಲಿಯ ಫಿಂಕಾಂತಿಯೇರಿ ಕಂಪನಿಗೆ ಹೋಯಿತು. 'ದೀಪಕ್' ಮತ್ತು 'ಶಕ್ತಿ' ಎರಡೂ 2011ರಲ್ಲಿ ಸೇವೆಗೆ ಸೇರಿದವು. ಟೆಂಡರಿನಲ್ಲಿ ಕೇಳಿದ್ದು ಡಿಎಂಆರ್ 249ಎ ದರ್ಜೆಯ ಉಕ್ಕು; ಬಳಸಿದ್ದು ವ್ಯಾಪಾರಿ ಹಡಗುಗಳ ಡಿಎಚ್36. ಮಹಾಲೇಖಪಾಲರ ವರದಿ, ಅಂದರೆ ಸಿಎಜಿ, ಇದನ್ನು ಆಕ್ಷೇಪಿಸಿತು. ಡಿಎಚ್36 ಕೆಟ್ಟ ಉಕ್ಕೇನಲ್ಲ, ಮೈನಸ್ 20 ಡಿಗ್ರಿಯವರೆಗೆ ಪರೀಕ್ಷೆಯಾಗಿ ಬರುತ್ತದೆ. ಮುಂಬೈ, ಕೊಚ್ಚಿಯ ಬಿಸಿಲಿಗೆ ಅಷ್ಟು ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಬಿಸಿಲಿಗೆ ಸಾಕು, ಸರಿ. ಆದರೆ ಒಂದು ಗಂಟೆಗೆ 1,500 ಟನ್ ಎಣ್ಣೆ ಹರಿಸಬಲ್ಲ, 15,000 ಟನ್ನಿಗೂ ಹೆಚ್ಚು ಎಣ್ಣೆ ಹೊತ್ತು ನಿಂತ ಹಡಗಿನ ಮೇಲೆ ಶತ್ರುವಿನ ಕಣ್ಣು ಮೊದಲು ಬೀಳುತ್ತದೆ. ಅದರೊಳಗೆ ಮನುಷ್ಯರಿರುತ್ತಾರೆ. ಈ ವಿಷಯದಲ್ಲಿ ಆಕ್ಷೇಪ ಸರಿಯಾಗಿಯೇ ಇತ್ತು ಅಂತ ನನಗನ್ನಿಸುತ್ತದೆ.

ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿತು. ಅದಕ್ಕೆ ಸೇಲ್ ಕೊಟ್ಟ ಉಕ್ಕು ಸುಮಾರು 30,000 ಟನ್. 2023ರ ಆಗಸ್ಟಿನಲ್ಲಿ ತಲಾ 44,000 ಟನ್ನಿನ ಐದು ಪೂರೈಕೆ ಹಡಗುಗಳಿಗೆ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಜೊತೆ ಸುಮಾರು 19,000 ಕೋಟಿ ರೂಪಾಯಿಯ ಕರಾರಾಯಿತು. ಮೊದಲ ಹಡಗಿನ ಉಕ್ಕಿನ ತಗಡನ್ನು 2024ರ ಏಪ್ರಿಲ್‌ನಲ್ಲಿ ಅಲ್ಲಿ ಕತ್ತರಿಸಿದರು.