ಮರೆವಿನ ಹಿರಿಯರಿಗೆ ಆಸರೆ: ಹುಚ್ಚಾಸ್ಪತ್ರೆಯಿಂದ ಆರೈಕೆ ಮನೆಯವರೆಗೆ



'ಅರವತ್ತಕ್ಕೆ ಅರಳು ಮರಳು' ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಹೆತ್ತ ಮಕ್ಕಳ ಗುರುತೇ ಸಿಗದಂತಾಗುವುದು ಬರೀ ಮುಪ್ಪಲ್ಲ, ಮಿದುಳಿನ ಕಾಯಿಲೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇಂಥ ಮರೆವಿಗೆ ತುತ್ತಾದ 51 ವರ್ಷದ ಮಹಿಳೆಯೊಬ್ಬರನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. 1906ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಅದೇ ವರ್ಷ ವೈದ್ಯ ಅಲೋಯ್ಸ್ ಅಲ್ಜೈಮರ್ ಅವರ ಮಿದುಳನ್ನು ಪರೀಕ್ಷಿಸಿ ಈ ರೋಗವನ್ನು ವಿವರಿಸಿದರು.

ಭಾರತದಲ್ಲಿ ಈ ರೋಗಿಗಳ ಕುಟುಂಬಗಳಿಗಾಗಿ 1992ರಲ್ಲಿ ಕೇರಳದಲ್ಲಿ ಅಲ್ಜೈಮರ್ ಸೊಸೈಟಿ ಹುಟ್ಟಿತು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇವರಿಗಾಗಿಯೇ ವಸತಿ ಕೇಂದ್ರ ತೆರೆಯಿತು. ಆದರೆ ನಮ್ಮ ಮನ್ನಳ್ಳಿಯಿಂದ ಬೆಂಗಳೂರು ಸುಮಾರು 700 ಕಿ.ಮೀ. ದೂರ. ಹೈದರಾಬಾದ್ ಹತ್ತಿರವಾದರೂ ಹೋಗಿ ನೋಡದೆ ಯಾರನ್ನೂ ಎಲ್ಲಿಯೂ ಸೇರಿಸಬಾರದು.

ನೋಡಲು ಸಂಜೆ ಹೊತ್ತು ಹೋಗಿ; ಈ ರೋಗಿಗಳ ಗಲಿಬಿಲಿ ಹೆಚ್ಚಾಗುವುದು ಆಗಲೇ. ರಾತ್ರಿ ಎಷ್ಟು ಜನ ಆರೈಕೆಗಿರುತ್ತಾರೆ, ಹಟ ಮಾಡಿದವರನ್ನು ಕಟ್ಟಿಹಾಕುತ್ತಾರೆಯೇ, ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂದು ಕೇಳಿ. ಮುಖ್ಯವಾಗಿ, ಮಾತಾಡುವ ಭಾಷೆ ಯಾವುದು? ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಅನೇಕರಿಗೆ ಮೊದಲು ಜಾರಿಹೋಗುತ್ತದೆ, ತಾಯಿಯ ಮಾತು ಉಳಿಯುತ್ತದೆ. ಉರ್ದುವಿನಲ್ಲಿ ನೀರು ಕೇಳುವ ಅಜ್ಜಿಗೆ ಅದು ತಿಳಿಯದವರ ನಡುವೆ ಬಾಯಾರಿಕೆಯೇ ಗತಿ. ಕನ್ನಡ, ಮರಾಠಿ, ತೆಲುಗು ಮನೆಯವರಿಗೂ ಇದೇ ಮಾತು.

ಸೇರಿಸುವುದು ಪಾಪವಲ್ಲ, ಸೇರಿಸಿ ಮರೆಯುವುದು ತಪ್ಪು. 1901ರಲ್ಲಿ ಆ ಕುಟುಂಬಕ್ಕೆ ಹುಚ್ಚಾಸ್ಪತ್ರೆ ಬಿಟ್ಟು ಬೇರೆ ಆಸರೆ ಇರಲಿಲ್ಲ. ನಮಗೆ ಇದೆ; ಕೇಳಿ, ನೋಡಿ ಆರಿಸೋಣ.