ಬ್ಲ್ಯಾಕ್ ಸಬ್ಬತ್ ಮೇಳದ ಉಪಕ್ರಮೋಪಸಂಹಾರಗಳು

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ನಮ್ಮ ಮೀಮಾಂಸಕರು ಹೇಳಿರುವ ಲಿಂಗಗಳಲ್ಲಿ ಉಪಕ್ರಮೋಪಸಂಹಾರಗಳ ಐಕ್ಯವು ಮೊದಲನೆಯದು. ಆರಂಭವೂ ಮುಕ್ತಾಯವೂ ಒಂದನ್ನೇ ಹೇಳುತ್ತಿದ್ದರೆ ಗ್ರಂಥದ ಅಭಿಪ್ರಾಯವು ಅದೇ ಎಂದು ತಿಳಿಯತಕ್ಕುದು. ಈ ಅಳತೆಗೋಲನ್ನು ಒಂದು ವಾದ್ಯಮೇಳದ ಚರಿತ್ರೆಗೂ ಹಿಡಿದು ನೋಡಬಹುದೆಂದು ನನಗೆ ತೋರಿದೆ. ಸಂಗೀತವು ನಮ್ಮ ಕಿವಿಗೆ ಹೊಸದಾದರೂ ಅದರ ಹಿಂದಣ ಮನುಷ್ಯಸ್ವಭಾವವು ನಮಗೆ ಹೊಸದಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಕಾರ್ಖಾನೆಗಳ ನಗರವಾಗಿದ್ದಿತು. ಅಲ್ಲಿನ ಆಸ್ಟನ್ ಎಂಬ ಭಾಗದ ದುಡಿಯುವ ಮನೆತನಗಳಲ್ಲಿ ಬೆಳೆದ ಟೋನಿ ಅಯೋಮಿ, ಗೀಜರ್ ಬಟ್ಲರ್, ಬಿಲ್ ವಾರ್ಡ್, ಆಝಿ ಆಸ್ಬರ್ನ್ ಎಂಬ ನಾಲ್ವರು ತರುಣರು 1968ರಲ್ಲಿ ಒಂದು ಮೇಳವನ್ನು ಕಟ್ಟಿದರು. ಅಯೋಮಿಯವರು ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದರು. ಅವರು ಎಡಚರು, ತಂತಿಯನ್ನು ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು; ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ಇಳಿಸಿದರು. ‘ಹೆವಿ ಮೆಟಲ್’ ಎಂದು ಹೆಸರಾದ ಸಂಗೀತದ ಗಂಭೀರನಾದಕ್ಕೆ ಈ ಅಂಗವೈಕಲ್ಯವೂ ಒಂದು ಕಾರಣವಾಯಿತು. 1970ರ ಫೆಬ್ರವರಿಯಲ್ಲಿ ಹೊರಟ ಅವರ ಮೊದಲನೆಯ ಆಲ್ಬಂ ಮಳೆ, ಗುಡುಗು, ಇಗರ್ಜಿಯ ಗಂಟೆಗಳ ಸದ್ದಿನಿಂದ ಆರಂಭವಾಗುತ್ತದೆ. ಇದೇ ಉಪಕ್ರಮ.

ಕೀರ್ತಿಯೊಡನೆ ಮದ್ಯವೂ ಮಾದಕದ್ರವ್ಯಗಳೂ ಬಂದುವು. 1979ರಲ್ಲಿ ಗಾಯಕರಾದ ಆಸ್ಬರ್ನರನ್ನು ಮೇಳದಿಂದ ತೆಗೆದುಹಾಕಲಾಯಿತು. ಆ ಕಠೋರವಾದ ಸುದ್ದಿಯನ್ನು ಗೆಳೆಯನಿಗೆ ತಿಳಿಸುವ ಕೆಲಸವು ಡ್ರಮ್ ಬಾರಿಸುತ್ತಿದ್ದ ವಾರ್ಡರ ಪಾಲಿಗೆ ಬಂದಿತು. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಬಳಿಕ ಹಲವು ಗಾಯಕರು ಬಂದು ಹೋದರು. ನಡುನಡುವೆ ಹಳಬರು ಕೂಡಿ ಕಚೇರಿ ನಡೆಸಿದುದೂ ಉಂಟು. 2009ರಲ್ಲಿ ಮೇಳದ ಹೆಸರಿನ ಹಕ್ಕಿಗಾಗಿ ಆಸ್ಬರ್ನರು ಅಯೋಮಿಯವರ ಮೇಲೆ ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು. 2011ರ ನವೆಂಬರ್ 11ರಂದು ನಾಲ್ವರೂ ಲಾಸ್ ಏಂಜಲೀಸಿನಲ್ಲಿ ಒಟ್ಟಾಗಿ ನಿಂತು ಹೊಸ ಆಲ್ಬಮನ್ನು ಮಾಡುವೆವೆಂದು ಸಾರಿದರು.

ಆದರೆ 2012ರ ಮೊದಲಲ್ಲೇ ಎರಡು ವಿಘ್ನಗಳು ತೋರಿದುವು. ಅಯೋಮಿಯವರಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ತಿಳಿಯಿತು. ಸಹಿ ಮಾಡತಕ್ಕಂತಹ ಕರಾರುಪತ್ರವನ್ನು ಕೊಟ್ಟಲ್ಲದೆ ತಾನು ಸೇರುವುದಿಲ್ಲವೆಂದು ವಾರ್ಡರು ಪ್ರಕಟಿಸಿದರು. ಕರಾರು ಕುದುರಲಿಲ್ಲ. ಅವರ ಸ್ಥಾನದಲ್ಲಿ ಬ್ರ್ಯಾಡ್ ವಿಲ್ಕ್ ಎಂಬವರು ಬಾರಿಸಿದರು. ನಿರ್ಮಾಪಕರಾದ ರಿಕ್ ರೂಬಿನ್ನರು ಮೂವರನ್ನೂ ಕೂರಿಸಿ ಮೊದಲನೆಯ ಆಲ್ಬಮನ್ನು ಕೇಳಿಸಿ, ಆ ಭಾವವನ್ನು ಮರಳಿ ಹಿಡಿಯಿರೆಂದರು. 2013ರ ಜೂನಿನಲ್ಲಿ ‘13’ ಎಂಬ ಹೆಸರಿನಿಂದ ಹೊರಟ ಈ ಕೃತಿಯು ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಪಟ್ಟಿಯ ತುದಿಗೇರಿತು. ಇಂಗ್ಲೆಂಡಿನಲ್ಲಿ 1970ರ ತರುವಾಯ ಅವರಿಗೆ ಆ ಸ್ಥಾನ ದೊರೆತಿರಲಿಲ್ಲ. ಅಮೆರಿಕದಲ್ಲಿ ಎಂದೂ ದೊರೆತಿರಲಿಲ್ಲ. ಕೊನೆಯ ಹಾಡು ಮಳೆ ಗಂಟೆಗಳ ಸದ್ದಿನಲ್ಲಿ ಮುಗಿಯುತ್ತದೆ.

ಧ್ವನಿಯಲ್ಲಿ ಉಪಕ್ರಮೋಪಸಂಹಾರಗಳು ಒಂದಾದುವು, ಜನರಲ್ಲಿ ಆಗಲಿಲ್ಲ. ರೋಗಿಯಾದ ಅಯೋಮಿಯವರಿಗೆ ಕಾಲವು ಕಾಯುವಂತಿರಲಿಲ್ಲವೆಂಬುದು ನಿಜ. ವಾರ್ಡರ ದೇಹವು ಆ ಶ್ರಮವನ್ನು ತಾಳದೆಂದು ಆಸ್ಬರ್ನರು ಬಹಿರಂಗವಾಗಿ ನುಡಿದರು. ಅದರಿಂದ ನೊಂದ ವಾರ್ಡರು 2015ರಲ್ಲಿ ಕ್ಷಮಾಯಾಚನೆಯನ್ನು ಕೇಳಿದರು. ಒಂದು ಕಾಲದಲ್ಲಿ ಬಿಡುಗಡೆಯ ಸುದ್ದಿಯನ್ನು ಹೊತ್ತು ಹೋದವರೇ ಈಗ ಹೊರಗುಳಿದರು. ವಿಲ್ಕರ ಕೈಯಲ್ಲಿ ಕುಶಲತೆಗೆ ಕೊರತೆಯಿಲ್ಲ. ಆದರೆ ಜಾಝಿನ ತೂಗಾಟದಿಂದ ಬಂದ ವಾರ್ಡರ ಲಯವು ಆ ಭಾರವಾದ ನಾದಕ್ಕೆ ನಡಿಗೆಯನ್ನು ಕಲಿಸಿತ್ತು. ನಾಲ್ವರು ಕೂಡಿ ಮಾಡಿದುದನ್ನು ಮೂವರು ಪೂರ್ಣಗೊಳಿಸಿದಾಗ ಕೃತಿಯು ಮುಗಿಯುವುದು, ಋಣವು ಮುಗಿಯದು.

2017ರ ಫೆಬ್ರವರಿ 4ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಬೀಳ್ಕೊಡುಗೆಯ ಕಚೇರಿಯಲ್ಲಿಯೂ ವಾರ್ಡರಿರಲಿಲ್ಲ. 2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಬೆಳೆದ ಬೀದಿಗಳ ಸಮೀಪದಲ್ಲಿಯೇ, ನಾಲ್ವರೂ ಮತ್ತೆ ಕೂಡಿದರು. ಪಾರ್ಕಿನ್ಸನ್ ರೋಗದಿಂದ ನಿಲ್ಲಲಾರದ ಆಸ್ಬರ್ನರು ಆಸನದಲ್ಲಿ ಕುಳಿತು ಹಾಡಿದರು; ವಾರ್ಡರು ಬಾರಿಸಿದರು. ನುಡಿಸಿದುದು ನಾಲ್ಕೇ ಹಾಡು, ನಾಲ್ಕೂ 1970ರವು. ಹದಿನೇಳು ದಿನಗಳಾದ ಮೇಲೆ, ಜುಲೈ 22ರಂದು, ಆಸ್ಬರ್ನರು ತೀರಿಕೊಂಡರು.

ಆದುದರಿಂದ ಈ ಮೇಳದ ನಿಜವಾದ ಉಪಸಂಹಾರವು ‘13’ ಅಲ್ಲ, ಆ ಸಂಜೆಯ ನಾಲ್ಕು ಹಾಡುಗಳೆಂದೇ ನನ್ನ ನಿರ್ಣಯ. ಕೂಡಿ ಕೆಲಸ ಮಾಡಿ ಯಾವುದೋ ಮಾತಿಗೆ ಬೇರೆಯಾದವರು ನಮ್ಮ ಮನೆಗಳಲ್ಲಿಯೂ ಸಂಘಗಳಲ್ಲಿಯೂ ಇರುವರು. ಅಂಥವರನ್ನು ಮತ್ತೆ ಕರೆಯುವುದಕ್ಕೆ ಅವರಂತೆ ಹದಿಮೂರು ವರ್ಷ ತಡೆಯಬೇಕಾಗಿಲ್ಲ.