ಜಿಲ್ಲೆಯ ಸರಾಸರಿ, ಹೋಬಳಿಯ ಬದುಕು: ಅಭಿವೃದ್ಧಿ ಸಂಶೋಧನೆಯ ಘಟಕ ಮತ್ತು ಸಾಸಲು

ಏಷ್ಯಾದ ಅಭಿವೃದ್ಧಿಯನ್ನು ಕುರಿತ ಸಂಶೋಧನೆ ಬಹುಕಾಲ ಎರಡು ತುದಿಗಳಲ್ಲಿ ಬೆಳೆಯಿತು. ಒಂದು ತುದಿಯಲ್ಲಿ ದೇಶವಿದೆ. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನ್ ಅವರ ನೆರವಿನಿಂದ ರೂಪಿಸಿ, 1990ರಲ್ಲಿ ಬೆಳಕಿಗೆ ತಂದ ಮಾನವ ಅಭಿವೃದ್ಧಿ ಸೂಚ್ಯಂಕ ಅದರ ಹೆಸರಾಂತ ಫಲ. ಇನ್ನೊಂದು ತುದಿಯಲ್ಲಿ ಹಳ್ಳಿಯಿದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಮಂಡ್ಯದ ಬಳಿ ನಡೆಸಿದ ಅಧ್ಯಯನ ಆ ಸಾಲಿಗೆ ಸೇರುತ್ತದೆ. ಇವೆರಡರ ನಡುವಿನ ಹೋಬಳಿ ಮಾತ್ರ ಸಂಶೋಧಕರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಈ ಅಲಕ್ಷ್ಯದ ಬೆಲೆ ಎಷ್ಟೆಂಬುದನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಲ್ಲಿ ನೋಡಬಹುದು.

2007ರಲ್ಲಿ ರಾಮನಗರ ಬೇರೆಯಾದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಉಳಿದದ್ದು ನಾಲ್ಕೇ ತಾಲ್ಲೂಕು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಹೊಸಕೋಟೆ, ನೆಲಮಂಗಲಗಳಲ್ಲಿ ಹೆದ್ದಾರಿಯುದ್ದಕ್ಕೂ ಕಾರ್ಖಾನೆ, ಗೋದಾಮುಗಳು ಎದ್ದವು. ದೊಡ್ಡಬಳ್ಳಾಪುರ ಪಟ್ಟಣ ವಿದ್ಯುತ್ ಮಗ್ಗಕ್ಕೆ ಮೊದಲೇ ಹೆಸರಾಗಿತ್ತು. ಜಿಲ್ಲಾ ಆಂತರಿಕ ಉತ್ಪನ್ನದ ಲೆಕ್ಕ ಹಾಕುವಾಗ ಸರಕು ಎಲ್ಲಿ ತಯಾರಾಯಿತು ಎಂದು ನೋಡುತ್ತಾರೆ. ಗಳಿಕೆ ಯಾರ ಮನೆ ಸೇರಿತು ಎಂದು ನೋಡುವುದಿಲ್ಲ. ಆ ಮೊತ್ತವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಕಾರ್ಖಾನೆಯ ಉತ್ಪನ್ನದಲ್ಲಿ ಸಾಸಲಿನ ರಾಗಿ ಬೆಳೆಗಾರನಿಗೂ, ಬೆಳಗಾಗೆದ್ದು ಡೇರಿಗೆ ಹಾಲು ಹಾಕುವವಳಿಗೂ ಒಂದೊಂದು ಪಾಲು ಬರುತ್ತದೆ, ಕಾಗದದ ಮೇಲೆ.

ಸರಾಸರಿಯ ಈ ಮೋಸ ಕರ್ನಾಟಕಕ್ಕೆ ಹೊಸದೇನಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿಯಿತು. 35 ಸೂಚಕಗಳಿಂದ ಅಳೆದು, 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆ. ಆದರೆ ದೊಡ್ಡಬಳ್ಳಾಪುರದಂಥ ತಾಲ್ಲೂಕಿನಲ್ಲಿ ತಾಲ್ಲೂಕಿನ ಸರಾಸರಿಯೂ ಜಿಲ್ಲೆಯದರಷ್ಟೇ ದಿಕ್ಕು ತಪ್ಪಿಸುತ್ತದೆ. ಕೈಗಾರಿಕೆ ಬೆಳೆದ ಕಸಬಾ ಹೋಬಳಿಯನ್ನೂ ಮಳೆಯಾಶ್ರಿತ ಸಾಸಲನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಊರು ನಕ್ಷೆಯಲ್ಲಿ ಎಲ್ಲೂ ಇಲ್ಲ.

ಎಪ್‌ಸ್ಟೀನ್ ಅವರನ್ನು ಮತ್ತೆ ಓದಬೇಕಾದದ್ದು ಇಲ್ಲಿ. 1954–56ರಲ್ಲಿ ಅವರು ಅಧ್ಯಯನ ಮಾಡಿದ ಎರಡು ಹಳ್ಳಿಗಳಿಗೆ ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು, ದಲೇನದ ಹೊಲಗಳಿಗೆ ಬಂದಿರಲಿಲ್ಲ. ವಂಗಲದವರು ಕಬ್ಬು ಬೆಳೆದು ಕಾಸು ಕಂಡರು, ಹಳೆಯ ಸಾಮಾಜಿಕ ಕಟ್ಟು ಬಹುಮಟ್ಟಿಗೆ ಹಾಗೇ ಉಳಿಯಿತು. ನೀರು ಸಿಗದ ದಲೇನದವರು ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು. ಅಲ್ಲಿ ಒಕ್ಕಲಿಗೂ ಕೂಲಿಗೂ ಇದ್ದ ವಂಶಪಾರಂಪರ್ಯ ಸಂಬಂಧವೇ ಸಡಿಲವಾಯಿತು. ಕೆಲವೇ ಮೈಲಿ ಅಂತರದ ಈ ವ್ಯತ್ಯಾಸ ಜಿಲ್ಲೆಯ ಅಂಕಿ ಅಂಶದಲ್ಲಿ ಕಾಣುವಂಥದ್ದಲ್ಲ. 1970ರಲ್ಲಿ ಅವರು ಅದೇ ಹಳ್ಳಿಗಳಿಗೆ ಮರಳಿ ಬಂದು ಮತ್ತೆ ಅಧ್ಯಯನ ಮಾಡಿದರು. ಒಮ್ಮೆ ಬಂದು ಪ್ರಶ್ನಾವಳಿ ತುಂಬಿಸಿಕೊಂಡು ಹೋಗುವ ಇಂದಿನ ರೂಢಿಗೆ ಹೋಲಿಸಿದರೆ ಅದು ಅಪರೂಪದ ನಿಷ್ಠೆ.

ಸಾಸಲಿನ ಮುಂದಿರುವ ನೀರಿನ ಪ್ರಶ್ನೆ ಬೇರೆ ಬಗೆಯದು. ಎತ್ತಿನಹೊಳೆ ಯೋಜನೆ 24.01 ಟಿಎಂಸಿ ನೀರನ್ನು ಪಶ್ಚಿಮಘಟ್ಟದಿಂದ ಎತ್ತಿ ಪೂರ್ವದ ಬಯಲುಸೀಮೆಗೆ ಹರಿಸಬೇಕು. 2014ರಲ್ಲಿ 12,912 ಕೋಟಿ ರೂಪಾಯಿಯಿದ್ದ ಅಂದಾಜು ವೆಚ್ಚ ಪರಿಷ್ಕರಣೆಯಲ್ಲಿ 23,000 ಕೋಟಿ ದಾಟಿತು. ನೀರು ಸಂಗ್ರಹಿಸಲು ಗೊತ್ತುಮಾಡಿದ ಜಾಗ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಮತ್ತು ಸಾಸಲು ಹೋಬಳಿಯ ಲಕ್ಕೇನಹಳ್ಳಿಯ ಸುತ್ತಮುತ್ತ. ಭೂಮಿಯ ಬೆಲೆಗೆ ಆಧಾರ ಮಾರ್ಗಸೂಚಿ ದರ. ಅದು ಎರಡು ತಾಲ್ಲೂಕುಗಳಲ್ಲಿ ಒಂದೇ ಅಲ್ಲ. ಹೀಗಾಗಿ ಒಂದೇ ನೀರಿನಡಿ ಮುಳುಗಬೇಕಾದ ನೆಲಕ್ಕೆ ಎರಡು ಬೆಲೆ ಎಂಬ ತಕರಾರೆದ್ದಿತು, ಕೆಲಸ ವರ್ಷಗಟ್ಟಲೆ ತಡವಾಯಿತು. ಆಡಳಿತದ ಗಡಿ ಇಲ್ಲಿ ನೇರವಾಗಿ ರೊಕ್ಕವಾಗಿ ಮಾರ್ಪಟ್ಟಿತು.

ಯೋಜನೆಯ ಲಾಭವನ್ನು ಏಳು ಜಿಲ್ಲೆಗಳ ಹೆಸರಿನಲ್ಲಿ, ತುಂಬಲಿರುವ 527 ಕೆರೆಗಳ ಹೆಸರಿನಲ್ಲಿ ಎಣಿಸಲಾಗಿದೆ. ನಷ್ಟ ಬೀಳುವುದು ಒಂದೆರಡು ಹೋಬಳಿಗಳ ಮೇಲೆ. ಆ ನಷ್ಟವೂ ಎಲ್ಲರಿಗೆ ಒಂದೇ ತೆರನಾಗಿರುವುದಿಲ್ಲ. ಪಹಣಿಯಲ್ಲಿ ಹೆಸರಿರುವವನಿಗೆ ಪರಿಹಾರದ ದಾರಿಯಿದೆ. ಬಗರ್‌ಹುಕುಂ ಜಮೀನು ಉಳುವವನಿಗೆ, ವಾರಕ್ಕೆ ಮಾಡುವವನಿಗೆ, ಬದುವಿನ ಹುಲ್ಲಿನಿಂದ ಒಂದೆರಡು ಹಸು ಸಾಕುವ ಹೆಂಗಸಿಗೆ ಆ ದಾರಿ ಕಡಿದು. ಇದನ್ನೆಲ್ಲ ಮೊದಲೇ ಅರಿಯಲೆಂದೇ 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿತ್ತು. 2019ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಗ್ರಾಮೀಣ ಮೂಲಸೌಕರ್ಯದಂಥ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಡುವ ಅವಕಾಶ ಕಲ್ಪಿಸಿತು. ಸಂಶೋಧನೆ ಎಲ್ಲಿ ಅತ್ಯಗತ್ಯವೋ ಅಲ್ಲೇ ಅದು ಐಚ್ಛಿಕವಾಯಿತು.

ಹೋಬಳಿ ಮಟ್ಟದಲ್ಲಿ ಲೆಕ್ಕವಿಡುವುದು ಆಗದ ಮಾತು ಎನ್ನುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಯನ್ನು ಹೋಬಳಿವಾರು ಪ್ರಕಟಿಸುತ್ತದೆ. ಬೆಳೆ ವಿಮೆಗೆ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿ, ಉಳಿದವಕ್ಕೆ ಹೋಬಳಿ ಘಟಕ. ಪ್ರಾದೇಶಿಕ ಅಸಮತೋಲನವನ್ನು ಮರುಪರಿಶೀಲಿಸಲು 2024ರಲ್ಲಿ ಎಂ. ಗೋವಿಂದ ರಾವ್ ಸಮಿತಿ ರಚನೆಯಾಯಿತು. ಇನ್ನು ಮುಂದಿನ ಯಾವ ಅಸಮತೋಲನ ಅಧ್ಯಯನವೂ ತಾಲ್ಲೂಕಿಗೆ ನಿಲ್ಲದೆ, ಆದಾಯ, ಭೂ ಹಿಡುವಳಿ, ವಲಸೆಗಳನ್ನು ಹೋಬಳಿವಾರು ಪ್ರಕಟಿಸಬೇಕು. ಅದಕ್ಕೆ ಮಾದರಿ ಬೇಕಾದರೆ ಸಾಸಲಿನಿಂದಲೇ ಶುರುಮಾಡಲಿ.